ಮೋಟುಕಿವಿಯ ಭುಜ

“ಇಳಿಸು ಅದನ್ನ. ಬಾಣಲೆ ಕೆಳಗಿಳಿಸು ಅಂದೆ.”

“ಇಳಿಸಲ್ಲ. ಏನ್ ಮಾಡ್ಕೋತೀಯ?”

“ಆರ್ಲೀನ್, ತಮಾಷೆ ಅಲ್ಲ ಇದು.”

“ನೀನು ಹುಟ್ಟಿದಾಗಿಂದ ಒಂದೇ ಒಂದು ತಮಾಷೆ ಮಾಡಿದ್ದು ನಾನು ಕಾಣೆ. ಬಾಗಿಲು ಹಾಕು. ನೆಬ್ರಾಸ್ಕದ ಚಳಿಯೆಲ್ಲ ನನ್ನ ಅಡುಗೆಮನೆಗೇ ನುಗ್ತಿದೆ.”

ನನ್ನ ತಮ್ಮ ಡೆಲ್ ಬಾಗಿಲು ಹಾಕಲಿಲ್ಲ. ದನಗಳಿಗೆ ಹುಲ್ಲು ಹಾಕಿ ಆಗಷ್ಟೇ ಬಂದಿದ್ದ. ಟೋಪಿಯ ಮೇಲೆ ಹಿಮ, ಮೀಸೆಯ ಮೇಲೆ ಹಿಮ. ಕಣ್ಣು ಮಾತ್ರ ಬಾಣಲೆಯ ಮೇಲೆ. ಬಾಣಲೆಯಲ್ಲಿ ಮೋಟುಕಿವಿಯ ಭುಜದ ಮಾಂಸ ಚುರುಗುಟ್ಟುತ್ತಿತ್ತು.

ಮೋಟುಕಿವಿ ನಮ್ಮ ಹಸು. ಕರುವಾಗಿದ್ದಾಗ ಚಳಿಗೆ ಹೆಪ್ಪುಗಟ್ಟಿ ಎಡಗಿವಿ ಅರ್ಧಕ್ಕೇ ಉದುರಿಹೋಗಿತ್ತು. ಆ ಹೆಸರಿಟ್ಟವನು ಡೆಲ್.

“ನನ್ನನ್ನ ಮನೆಗೆ ಕರ್ಕೊಂಡು ಬಂದ ಹಸು ಅದು. ಅದನ್ನ ಈರುಳ್ಳಿ ಜೊತೆ ಹುರೀತಿದೀಯ.”

“ಈರುಳ್ಳಿ ಇನ್ನೂ ಹಾಕಿಲ್ಲ.”

“ನಿನಗೆ ಕರುಳೇ ಇಲ್ಲ ಕಣೇ.”

“ಕರುಳಿಲ್ಲದೆ ನಿನ್ನನ್ನ ಇಷ್ಟು ವರ್ಷ ಸಾಕಿದೀನಾ? ಅದು ಹಿಮದ ಮೇಲೆ ಬಿದ್ದು ಒದ್ದಾಡ್ತಿದ್ದಾಗ ನೀನಿದ್ದೆಯಾ? ಇರಲಿಲ್ಲ. ಗುಂಡು ಹೊಡೆದಿದ್ದು ನಾನು. ಕೊಯ್ದಿದ್ದು ನಾನು. ಅಡುಗೆ ಮಾಡೋದೂ ನಾನೇ. ಕೂತು ಉಣ್ಣೋದು ಒಂದು ನಿನ್ನ ಕೆಲಸ. ಅದಾದ್ರೂ ಮಾಡು.”

ಅವನ ಮೀಸೆಯ ಹಿಮ ಕರಗಿ ತುಟಿಯ ಮೇಲೆ ಇಳಿಯಿತು. ಅದನ್ನು ಒರೆಸಿಕೊಂಡು ಮೆಲ್ಲಗೆ ಹೇಳಿದ:

“ಇದು ಮೇಜಿನ ಮೇಲೆ ಬಂದ ದಿವಸ ನಾನು ಈ ಮನೇಲಿ ಇರಲ್ಲ. ಕೇಳಿಸ್ತಾ?”

“ಹೋಗು! ಯಾರು ಹಿಡ್ಕೊಂಡಿದಾರೆ ನಿನ್ನ?”

ಅಷ್ಟು ಹೇಳಿಯಾಯಿತು. ನನ್ನ ಬಾಯಿ ಇರುವುದೇ ಹಾಗೆ. ಆದರೆ ಹಿಡಿದುಕೊಂಡಿದ್ದು ನಾನೇ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಅಪ್ಪ ಅಮ್ಮ ಹೋದ ಮೇಲೆ ಈ ಮರಳುಗುಡ್ಡಗಳ ನಡುವೆ ಈ ಮಂದೆಯನ್ನು ನಡೆಸಿದವರು ನಾವಿಬ್ಬರೇ. ಅವನೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಹಸುಗಳು ಕರು ಹಾಕಲು ಶುರುಮಾಡುತ್ತವೆ. ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದರೆ ಒಬ್ಬರು ಕೈ ಹಾಕಬೇಕು, ಇನ್ನೊಬ್ಬರು ಹಗ್ಗ ಎಳೆಯಬೇಕು. ಒಂದು ಜೊತೆ ಕೈಗೆ ಆಗುವ ಕೆಲಸವಲ್ಲ. ಅವನು ಹೊರಟರೆ ಮಂದೆ ಹೋಯಿತು. ಮಂದೆ ಹೋಗಲಿ, ಊಟದ ಮೇಜಿನ ಆಚೆ ಬದಿಯ ಕುರ್ಚಿ ಖಾಲಿಯಾಗುತ್ತದೆ. ನನಗೆ ಬೇಕಾಗಿದ್ದದ್ದು ಒಂದೇ. ಅವನು ಆ ಕುರ್ಚಿಯಲ್ಲಿ ಕೂತು, ಇದು ಯಾರ ಮಾಂಸ ಎಂದು ತಿಳಿದೇ ಉಂಡು, ನಾಳೆಯೂ ಅಲ್ಲೇ ಕೂರಬೇಕು.

ಅಪ್ಪನ ಕಾಲದಿಂದ ನಮ್ಮಲ್ಲೊಂದು ಕಟ್ಟಳೆ. ‘ಕುದುರೆಗೆ ಗುಂಡಿ, ದನಕ್ಕೆ ಪಾತ್ರೆ.’ ದುಡಿದ ಕುದುರೆಯನ್ನು ಹಿಂದಿನ ಗುಡ್ಡದ ಮೇಲೆ ಹೂಳುತ್ತೇವೆ. ದನ ಎಷ್ಟೇ ಒಳ್ಳೆಯದಿರಲಿ, ಕೊನೆಗೆ ಊಟದ ಮೇಜಿಗೆ ಬರುತ್ತದೆ. ಅದು ಅವಮಾನವಲ್ಲ. ತಿನ್ನದೆ ತೋಳಗಳಿಗೆ ಎಸೆಯುವುದು ಅವಮಾನ. ಡೆಲ್‌ಗೂ ಈ ಕಟ್ಟಳೆ ಗೊತ್ತು, ಅವನೇ ಎಷ್ಟೋ ಸಲ ಹೇಳಿದ್ದಾನೆ. ಆದರೆ ಮೋಟುಕಿವಿಯ ವಿಷಯಕ್ಕೆ ಬಂದರೆ ಅವನಿಗೆ ಗುಂಡಿಯೇ ಬೇಕಿತ್ತು, ಕುದುರೆಗೆ ತೋಡುವಂಥ ಗುಂಡಿ.

ಅದು ಸತ್ತದ್ದು ನೀರಿನ ತೊಟ್ಟಿಯ ಹತ್ತಿರ. ತೊಟ್ಟಿ ತುಂಬಿ ಚೆಲ್ಲಿದ ನೀರು ಸುತ್ತಲೂ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಹಿಂಗಾಲು ಎರಡೂ ಎರಡು ಕಡೆಗೆ ಜಾರಿ ಸೊಂಟ ಸೀಳಿಹೋಯಿತು. ಹಾಗೆ ಬಿದ್ದ ಹಸು ಏಳುವುದಿಲ್ಲ. ಡೆಲ್ ಮೇವು ತರಲು ದೂರ ಹೋಗಿದ್ದ. ಅವನು ಬರುವತನಕ ಅದು ಒದ್ದಾಡುತ್ತಿರಲಿ ಎಂದು ಬಿಡುವುದು ನನ್ನಿಂದಾಗಲಿಲ್ಲ. ಬಂದೂಕು ತಂದೆ. ಅದು ತಲೆಯೆತ್ತಿ ನನ್ನನ್ನೇ ನೋಡಿತು, ಹೆದರಲಿಲ್ಲ. ಆಮೇಲೆ ಪಕ್ಕದ ಬಯಲಿನ ಮುದುಕ ಓಟಿಸ್ ಟ್ರ್ಯಾಕ್ಟರ್ ತಂದು ಎತ್ತಿ ನೇತುಹಾಕಿದ. ಇಬ್ಬರೂ ಸೇರಿ ಚರ್ಮ ಸುಲಿದು, ತಲೆ ಬೇರೆ ಮಾಡಿ, ಉಳಿದದ್ದನ್ನು ಊರಿನ ಕಸಾಯಿ ಅಂಗಡಿಗೆ ಸಾಗಿಸಿದೆವು.

ಅಂಗಡಿಯ ಮಿಲಾನ್ ನಕ್ಕುಬಿಟ್ಟ. “ಈ ಮುದುಕೀನ ಇಡಿಯಾಗಿ ಬೇಯಿಸ್ತೀಯಾ? ನಿನ್ನ ಬೂಟು ಬಿಚ್ಚಿ ಕೊಡು, ಅದನ್ನೂ ಕಟ್ಟಿಕೊಡ್ತೀನಿ. ಎರಡೂ ಒಂದೇ ಸಲ ಬೇಯ್ತವೆ. ಎಲ್ಲಾ ಅರೆದು ಕೊಡ್ತೀನಿ ಬಿಡು.”

“ಉಳಿದಿದ್ದು ಅರೆದುಬಿಡು. ಭುಜದಿಂದ ಮಡಕೆಗೆ ಹಿಡಿಯೋ ಒಂದು ತುಂಡು ಮಾತ್ರ ಎಲುಬಿನ ಜೊತೆ ಇಡಿಯಾಗಿ ಕೊಡು.”

“ಯಾಕೆ?”

“ಕೇಳಿದ್ದು ಕೊಡೋ.”

ಯಾಕೆ ಎಂದು ಅವನಿಗೆ ಹೇಳಲು ನನಗೆ ಬರುವುದಿಲ್ಲ. ಅರೆದ ಮಾಂಸಕ್ಕೆ ಮುಖವಿಲ್ಲ. ತಿನ್ನುವವನಿಗೆ ಇದು ಇಂಥದ್ದೇ ಎಂದು ಗೊತ್ತಾಗುವುದಿಲ್ಲ. ಹಿಮವನ್ನು ಒಡೆದುಕೊಂಡು ಮಂದೆಯ ಮುಂದೆ ನಡೆದದ್ದು ಆ ಭುಜ. ಅದನ್ನು ಉಂಡರೆ ಅದನ್ನೇ ಉಂಡೆವೆಂದು ಗೊತ್ತಿರಬೇಕು.

ಡೆಲ್ ಹಿಂತಿರುಗಿದ ದಿನವೇ ತಲೆಯನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಅಟ್ಟದ ಮೇಲಿಟ್ಟಿದ್ದ. ಚಳಿಗೆ ಅದು ಕಲ್ಲಾಗಿತ್ತು. ನೆಲ ಕರಗಿದ ಮೇಲೆ ಹೂಳುತ್ತಾನೆ ಎಂದುಕೊಂಡಿದ್ದೆ. ಆದರೆ ಆ ಭಾನುವಾರ ಬೆಳಿಗ್ಗೆ ನಾನು ‘ಹೋಗು’ ಎಂದ ಮೇಲೆ ಅವನು ಬಾಗಿಲಲ್ಲೇ ನಿಂತು ಹೇಳಿದ:

“ನೀನು ನಿನ್ನ ಕೆಲಸ ಮಾಡು. ನಾನು ನನ್ನ ಕೆಲಸ ಮಾಡ್ತೀನಿ. ಇವತ್ತೇ ಗುಂಡಿ ತೋಡ್ತೀನಿ.”

“ತೋಡು! ನೆಲ ಕಬ್ಬಿಣ ಆಗಿದೆ. ಪಿಕಾಸಿ ಮುರಿದ್ರೆ ನನ್ನ ಹತ್ರ ಬರಬೇಡ.”

“ಬರಲ್ಲ.”

ಬಾಗಿಲು ಹಾಕಿಕೊಂಡು ಹೋದ. ಕಿಟಕಿಯಿಂದ ನೋಡಿದೆ. ಜಾರುಬಂಡಿಯ ಮೇಲೆ ಹಳೆಯ ಬೇಲಿಕಂಬ, ಕೊಳೆತ ಹುಲ್ಲಿನ ಕಟ್ಟು, ತಗಡು, ಸಲಿಕೆ. ಇವೆಲ್ಲದರ ಮುಂದೆ ಆ ಗೋಣಿ. ಕುದುರೆ ಎಳೆಯಿತು, ಅವನು ಪಕ್ಕದಲ್ಲಿ ನಡೆದ.

ನಾನು ಬಾಣಲೆಯ ಕಡೆ ತಿರುಗಿದೆ.

ಮುದಿ ಹಸುವಿನ ಕೊಬ್ಬು ಹಳದಿ. ಎಳೆ ಹೋರಿಯದು ಬಿಳಿ, ಮೇಣದ ಹಾಗಿರುತ್ತದೆ. ಇದು ಬೆಣ್ಣೆಯ ಹಳದಿ. ಎಷ್ಟೋ ಬೇಸಿಗೆಯ ಹುಲ್ಲು ಅದರಲ್ಲಿ ಕೂತಿತ್ತು. ಉಪ್ಪು, ಮೆಣಸಿನ ಪುಡಿ ಮೊದಲೇ ಒತ್ತಿ ಸವರಿದ್ದೆ, ಈಗ ಎಲ್ಲಾ ಮಗ್ಗುಲೂ ಕಂದುಗಪ್ಪಾಗುವ ತನಕ ಹುರಿದೆ. ಇದಕ್ಕೆ ಅವಸರ ಮಾಡಬಾರದು. ಹೊರಗಿನ ಬಣ್ಣ ಬಾರದಿದ್ದರೆ ಒಳಗಿನ ರಸಕ್ಕೆ ರುಚಿಯಿಲ್ಲ. ಅಮ್ಮನ ಸ್ಲೋ ಕುಕ್ಕರ್ ತೆಗೆದಿಟ್ಟೆ. ಒಳಗೆ ಸುಟ್ಟ ಮಣ್ಣಿನ ದಪ್ಪ ಮಡಕೆ, ಹೊರಗೆ ಕರೆಂಟಿನ ಕವಚ. ಅಮ್ಮ ಭಾನುವಾರ ಬೆಳಿಗ್ಗೆ ಇದರಲ್ಲಿ ಮಾಂಸವಿಟ್ಟು ಇಗರ್ಜಿಗೆ ಹೊರಡುತ್ತಿದ್ದಳು. ನಾವು ಪ್ರಾರ್ಥನೆ ಮುಗಿಸಿ ಬರುವಾಗ ಅಂಗಳಕ್ಕೇ ವಾಸನೆ ಬರುತ್ತಿತ್ತು.

ತಳಕ್ಕೆ ಆಲೂಗಡ್ಡೆ, ಗಜ್ಜರಿ. ಈ ಮಡಕೆಯಲ್ಲಿ ಗಡ್ಡೆಗಳು ಮಾಂಸಕ್ಕಿಂತ ತಡವಾಗಿ ಬೇಯುತ್ತವೆ, ಅದಕ್ಕೇ ಅವಕ್ಕೆ ತಳದ ಶಾಖ. ಅದರ ಮೇಲೆ ಈರುಳ್ಳಿ. ಅದರ ಮೇಲೆ ಭುಜ. ಬಾಣಲೆಗೆ ಹಿಡಿದದ್ದನ್ನು ಬೆಳಗಿನ ಕಪ್ಪು ಕಾಫಿಯಲ್ಲೇ ಕೆರೆದು ಸುರಿದೆ. ಮುದಿ ಮಾಂಸವೆಂದು ಒಂದಿಷ್ಟು ವಿನೆಗರ್. ನೀರು ಹೆಚ್ಚು ಬೇಡ, ಮಾಂಸವೇ ತನ್ನ ನೀರು ಬಿಡುತ್ತದೆ. ಮುಚ್ಚಳ ಹಾಕಿ ಕುಕ್ಕರಿನ ಗುಂಡಿಯನ್ನು ಅತಿ ಕಡಿಮೆ ಶಾಖಕ್ಕೆ ತಿರುಗಿಸಿದೆ. ಇನ್ನು ಮುಟ್ಟಬಾರದು. ಮುಚ್ಚಳ ಎತ್ತಿದರೆ ಒಳಗಿನ ಆವಿಯೆಲ್ಲ ಹೋಗಿ ಮಡಕೆ ಮತ್ತೆ ಮೊದಲಿನಿಂದ ಕಾಯಬೇಕು. ಅಮ್ಮ ನನ್ನ ಕೈಗೆ ಸೌಟಿನಿಂದ ಎಷ್ಟು ಹೊಡೆದಿದ್ದಳೋ! ಕಾಯುವುದು ಎಂದರೆ ನನಗೆ ಹುಟ್ಟಿದಾರಭ್ಯ ಆಗದ ಕೆಲಸ.

ಗುಡ್ಡದ ಮೇಲೆ ಹೊಗೆ ಎದ್ದಿತು. ಹೆಪ್ಪುಗಟ್ಟಿದ ನೆಲವನ್ನು ಕರಗಿಸುವುದು ಹಾಗೆ. ಚಳಿಗಾಲದಲ್ಲಿ ಯಾರಾದರೂ ಸತ್ತರೆ ಗುಂಡಿಯ ಜಾಗದ ಮೇಲೆ ಬೆಂಕಿ ಹಾಕಿ, ಕೆಂಡವನ್ನು ತಗಡಿನಿಂದ ಮುಚ್ಚಿ ಕಾಯುತ್ತಾರೆ. ಮೇಲಿನ ಪದರ ಮೆತ್ತಗಾದರೆ ತೋಡಿ ತೆಗೆದು ಮತ್ತೆ ಬೆಂಕಿ. ಮನುಷ್ಯರಿಗೆ ಮಾಡುವುದು ಅದು. ಕುದುರೆಗೂ ಯಾರೂ ಅಷ್ಟು ಮಾಡಿದ್ದಿಲ್ಲ, ವಸಂತಕ್ಕೆ ಕಾಯುತ್ತಾರೆ.

‘ಮೂರ್ಖ, ಶುದ್ಧ ಮೂರ್ಖ’ ಎಂದು ಬೈದುಕೊಳ್ಳುತ್ತ ನಿಂತೆ. ಆದರೆ ಕಿಟಕಿ ಬಿಟ್ಟು ಬರಲಾಗಲಿಲ್ಲ. ಆ ಹೊಗೆಯನ್ನು ನೋಡುತ್ತ ನಿಂತಾಗ ಕೆಲವು ವರ್ಷಗಳ ಹಿಂದಿನ ಆ ಏಪ್ರಿಲ್ಲಿನ ಬಿರುಗಾಳಿ ನೆನಪಾಗದೆ ಇರುತ್ತದೆಯೇ?

ಆ ದಿನ ಬೆಳಿಗ್ಗೆ ಬಿಸಿಲಿತ್ತು. ಗಬ್ಬದ ಹಸುಗಳನ್ನು ಮೂಡಣ ಬಯಲಿನಿಂದ ಹೊಡೆದುಕೊಂಡು ಬರಲು ಡೆಲ್ ಕುದುರೆ ಏರಿ ಹೋದ. ಮೋಟುಕಿವಿ ಆಗಲೇ ಈದಿತ್ತು. ಅದರ ಕರು ಚಳಿ ಹಿಡಿದು ಸಾಯುವ ಹಾಗಿದ್ದುದರಿಂದ ನಾನು ಅದನ್ನು ಎತ್ತಿ ತಂದು ಕೊಟ್ಟಿಗೆಯಲ್ಲಿ ಬೆಚ್ಚಗಿಟ್ಟಿದ್ದೆ. ತಾಯಿ ಮಾತ್ರ ಇನ್ನೂ ಮಂದೆಯ ಜೊತೆ ಬಯಲಿನಲ್ಲಿತ್ತು. ಮಧ್ಯಾಹ್ನಕ್ಕೆ ವಾಯವ್ಯ ದಿಕ್ಕಿನಿಂದ ಬಿಳಿಯ ಗೋಡೆಯೊಂದು ಎದ್ದು ಬಂತು. ಕೈ ಚಾಚಿದರೆ ಕೈ ಕಾಣದಂಥ ಹಿಮ. ಡೆಲ್‌ನ ಕುದುರೆ ಒಂಟಿಯಾಗಿ ಮನೆಗೆ ಬಂತು, ಜೀನಿನ ಮೇಲೆ ಯಾರೂ ಇಲ್ಲ.

ಗೇಟಿಗೆ ತೂಗುಹಾಕಿದ್ದ ಹಳೆಯ ನೇಗಿಲ ತಟ್ಟೆಯನ್ನು ಸುತ್ತಿಗೆಯಿಂದ ಬಡಿಯುತ್ತ ನಿಂತೆ. ಆ ಸದ್ದು ನನ್ನ ಕಿವಿಗೇ ಸರಿಯಾಗಿ ಕೇಳುತ್ತಿರಲಿಲ್ಲ. ಗಾಳಿ ಅದನ್ನು ನುಂಗುತ್ತಿತ್ತು. ಕೂಗಿದೆ, ಬೈದೆ, ದೇವರನ್ನೂ ಬೈದೆ.

ದನದ ಸ್ವಭಾವ ಬಲ್ಲವರಿಗೆ ಗೊತ್ತು. ಬಿರುಗಾಳಿ ಬಂದರೆ ದನ ಗಾಳಿಗೆ ಬೆನ್ನು ಕೊಟ್ಟು ನಡೆಯುತ್ತದೆ. ಬೇಲಿ ಸಿಕ್ಕುವ ತನಕ ನಡೆದು, ಅಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತದೆ. ಗಾಳಿಗೆ ಮುಖ ಕೊಟ್ಟು ನಡೆಯುವ ದನ ಇಲ್ಲ. ಅಪ್ಪ ಕಂಡಿಲ್ಲ, ಅಜ್ಜ ಕಂಡಿಲ್ಲ. ನಾನು ಕಂಡೆ. ಆ ಬಿಳಿಯ ಗೋಡೆ ಒಂದು ಕಡೆ ಬೂದಾಯಿತು. ಬೂದು ಕಪ್ಪಾಯಿತು. ಕಪ್ಪಿನಿಂದ ಒಂದು ತಲೆ ಹೊರಬಂತು, ಅರ್ಧ ಕಿವಿಯ ತಲೆ. ಕಣ್ಣಿನ ಮೇಲೆ ಮಂಜುಗಡ್ಡೆ ಕಟ್ಟಿ ಎರಡೂ ಮುಚ್ಚಿಹೋಗಿದ್ದವು. ಮೂಗಿನಿಂದ ಮಂಜಿನ ಕೋಲು ನೇತಾಡುತ್ತಿತ್ತು. ಕಣ್ಣಿಲ್ಲದೆ, ಎದೆಮಟ್ಟದ ಹಿಮವನ್ನು ಭುಜದಿಂದ ಒತ್ತಿ ಒಡೆಯುತ್ತ ನೇರ ಗಾಳಿಯ ಬಾಯಿಗೇ ನಡೆದು ಬರುತ್ತಿತ್ತು. ಅದರ ಬಾಲವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ತಮ್ಮ. ಅವನ ಹಿಂದೆ, ಅದು ಮಾಡಿದ ಕಾಲುದಾರಿಯಲ್ಲಿ, ಸಾಲಾಗಿ ಇಡೀ ಮಂದೆ.

ನನ್ನ ಕೈಯಿಂದ ಸುತ್ತಿಗೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕು ಎಂದೂ ಹೊಳೆಯಲಿಲ್ಲ.

ಡೆಲ್ ಆಮೇಲೆ ಹೇಳಿದ್ದು ಇಷ್ಟು: ಕುದುರೆ ಬೀಳಿಸಿದ ಮೇಲೆ ಅವನು ಎದ್ದು ಸ್ವಲ್ಪ ನಡೆದ, ಮತ್ತೆ ಬಿದ್ದ. ನಿದ್ದೆ ಬರುವ ಹಾಗಾಯಿತು. ಮೋಟುಕಿವಿ ಅವನನ್ನು ದಾಟಿ ಹೋಯಿತು. ಆಮೇಲೆ ತಿರುಗಿ ಬಂದು ಪಕ್ಕದಲ್ಲಿ ನಿಂತಿತು. ಅವನು ಬಾಲ ಹಿಡಿದು ಏಳುವ ತನಕ ಕದಲಲಿಲ್ಲ.

“ಅದರ ಕರು ಕೊಟ್ಟಿಗೇಲಿತ್ತು ಕಣೋ,” ಎಂದು ನಾನು ಎಷ್ಟು ಸಲ ಹೇಳಿದ್ದೇನೆ. “ಕರುವಿಗಾಗಿ ಬಂತು. ದಾರೀಲಿ ನೀನು ಸಿಕ್ಕಿದೆ.”

“ಕರುವಿಗಾಗಿ ಬಂದಿದ್ರೆ ತಿರುಗಿ ಯಾಕೆ ಬಂತು?”

ಆಗೆಲ್ಲ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ.

ಮಧ್ಯಾಹ್ನ ಇಗರ್ಜಿಯಿಂದ ಮರಳುತ್ತಿದ್ದ ಓಟಿಸ್ ಪಿಕಪ್ಪನ್ನು ನಮ್ಮ ಅಂಗಳಕ್ಕೆ ತಿರುಗಿಸಿದ. ಕರಿ ಕೋಟು ಹಾಕಿಕೊಂಡೇ ಅಡುಗೆಮನೆಗೆ ನುಗ್ಗಿದ.

“ಗುಡ್ಡದ ಮೇಲೆ ಹೊಗೆ! ಯಾರು ಸತ್ರು? ಡೆಲ್‌ನ ನೀನೇ ಕೊಂದುಬಿಟ್ಟೆಯಾ?”

“ಇನ್ನೂ ಇಲ್ಲ. ಅವನೇ ಅಲ್ಲಿದಾನೆ. ಹಸುವಿನ ತಲೆ ಹೂಳ್ತಿದಾನೆ.”

“ಹಸುವಿಗೆ ಗುಂಡೀನಾ? ಅಯ್ಯೋ ದೇವರೇ. ನಾಳೆ ಕೋಳಿಗೆ ಕಲ್ಲು ನಿಲ್ಲಿಸ್ತಾನೆ.” ಮೂಗು ಅರಳಿಸಿದ. “ಅದು ಇರಲಿ, ಇದೇನು ವಾಸನೆ? ಬಾಯಲ್ಲಿ ನೀರು ಬರ್ತಿದೆ.”

ನಾನು ಕಾಫಿಗೆ ಲೋಟ ತೆಗೆಯಲು ಅತ್ತ ತಿರುಗಿದ್ದೇ ತಡ, ಮುದುಕ ಮುಚ್ಚಳ ಎತ್ತಿ ಫೋರ್ಕಿನಿಂದ ಚುಚ್ಚಿಯೇಬಿಟ್ಟ. ಫೋರ್ಕು ಒಳಗೆ ಹೋಗಲಿಲ್ಲ. ಮಾಂಸ ಮುದುಡಿ ಮುಷ್ಟಿಯ ಹಾಗೆ ಬಿಗಿದುಕೊಂಡಿತ್ತು.

“ಇದು ಬೇಯ್ತಿಲ್ಲ ತಾಯಿ, ಕೋಪ ಮಾಡ್ಕೊಂಡು ಕೂತಿದೆ. ನಿನ್ನ ಮನೇದು ಅಂತ ಯಾರಾದ್ರೂ ಹೇಳಬಹುದು.”

ಸೌಟಿನಿಂದ ಅವನ ಕೈ ಮೇಲೆ ಒಂದು ಬಿಟ್ಟೆ. “ಮುಚ್ಚೋ! ಒಂದು ತಾಸಿನ ಶಾಖ ಕುಡಿದುಬಿಟ್ಟೆ.”

“ಮಿಲಾನ್ ಬೂಟಿನ ಮಾತು ಹೇಳಿದ್ದು ಸುಳ್ಳಲ್ಲ. ಇದಕ್ಕಾಗಿ ಅಕ್ಕ ತಮ್ಮ ಮುಖ ತಿರುಗಿಸ್ಕೊಂಡಿದೀರಾ?”

“ಇದು ಮೇಜಿಗೆ ಬಂದ್ರೆ ಹೊರಟುಹೋಗ್ತೀನಿ ಅಂತಾನೆ.”

“ಹಾಗಾದ್ರೆ ಬಿಡು, ಹೋಗಲ್ಲ. ಇದು ಈಸ್ಟರ್‌ವರೆಗೂ ಬೇಯಲ್ಲ.”

ತನ್ನ ಮಾತಿಗೆ ತಾನೇ ನಕ್ಕು, ಡೆಲ್‌ನನ್ನು ಒಂದಿಷ್ಟು ಕಾಡಿಸಿ ಬರುತ್ತೇನೆಂದು ಗುಡ್ಡ ಹತ್ತಿದ. ನಗುತ್ತ ಹೋದವನು ಬರುವಾಗ ನಗುತ್ತಿರಲಿಲ್ಲ. ಪ್ಯಾಂಟಿನ ಮೊಣಕಾಲಿಗೆ ಹಸಿ ಮಣ್ಣು, ಕೋಟಿನ ಮೇಲೆ ಬೂದಿ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತ.

“ತಗಡು ಮುಚ್ಚಿಟ್ಟಿದಾನೆ. ಎತ್ತಿ ನೋಡಕ್ಕೆ ಹೋದೆ, ಕೈ ಮೇಲೆ ಹೊಡೆದ. ಅಕ್ಕ ತಮ್ಮ ಇಬ್ಬರದ್ದೂ ಒಂದೇ ಬುದ್ಧಿ.” ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. “ಸೊಂಟದ ಮಟ್ಟ ತೋಡಿದಾನೆ ಆರ್ಲೀನ್. ಈ ಚಳೀಲಿ. ಒಬ್ಬನೇ. ಆಮೇಲೆ ಅವನೇ ತಗಡು ತೆಗೆದಾಗ ನನ್ನ ಕಣ್ಣಲ್ಲೇ ನೋಡಿದೆ. ನಾನೂ ಒಂದಿಷ್ಟು ಮಣ್ಣೆತ್ತಿದೆ, ಸುಮ್ಮನೆ ನಿಲ್ಲಕ್ಕೆ ಆಗಲಿಲ್ಲ.”

“ಏನಂದ?”

“ಅವನು ಹೋಗ್ತೀನಿ ಅಂದಿದ್ದು ಬರೀ ಮಾತು ಅಂದ್ಕೊಬೇಡ. ಅದನ್ನ ಅರೆದು ಯಾರಿಗಾದ್ರೂ ಕೊಟ್ಟುಬಿಡು. ನನಗೇ ಕೊಡು.”

“ನೀನು ಮನೆಗೆ ಹೋಗು ಓಟಿಸ್.”

ಅವನು ಹೋದ ಮೇಲೆ ಮಡಕೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಈಗಲೂ ಪ್ಲಗ್ ಕಿತ್ತು ಹಾಕಬಹುದಾಗಿತ್ತು. ಹೊರಗೆ ಎಸೆಯಬಹುದಾಗಿತ್ತು. ಡೆಲ್ ಉಳಿಯುತ್ತಿದ್ದ. ಎದ್ದು ಗೋಡೆಯ ತನಕ ಹೋದೆ ಕೂಡ. ಆದರೆ ಎಸೆದರೆ ಆ ಭುಜಕ್ಕೆ ಏನು ಬೆಲೆ ಕೊಟ್ಟ ಹಾಗಾಯಿತು? ಅಷ್ಟು ಹಿಮ ಒಡೆದದ್ದನ್ನು ತೋಳದ ಬಾಯಿಗೆ? ಅವನು ತನ್ನ ರೀತಿಯಲ್ಲಿ ಮರ್ಯಾದೆ ಮಾಡುತ್ತಿದ್ದ, ನಾನು ನನ್ನ ರೀತಿಯಲ್ಲಿ. ನನ್ನದೂ ಮರ್ಯಾದೆಯೇ ಎಂದು ಅವನಿಗೆ ಬಾಯಿಂದ ತಿಳಿಸಲು ನನಗಾಗಲಿಲ್ಲ, ನಾಲಿಗೆಯಿಂದ ತಿಳಿಯಲಿ ಎಂದುಕೊಂಡೆ. ವಾಪಸು ಬಂದು ಕೂತೆ.

ಮುಚ್ಚಳ ಗಾಜಿನದು. ಒಳಗೆ ಆವಿ ಹನಿಯಾಗಿ ಕೂಡಿ, ಹನಿ ಗೆರೆಯಾಗಿ ಇಳಿಯುತ್ತಿತ್ತು. ಕುದಿಯುವ ಸದ್ದಿಲ್ಲ. ಅಂಚಿನಲ್ಲಿ ಒಂದು ಗುಳ್ಳೆ ಏಳುತ್ತದೆ, ಯೋಚನೆ ಮಾಡುತ್ತದೆ, ಒಡೆಯುತ್ತದೆ. ಆಮೇಲೆ ಬಹಳ ಹೊತ್ತಿಗೆ ಇನ್ನೊಂದು. ಸಿಟ್ಟಿನ ಬೆಂಕಿ ಹಾಕಿದ್ದರೆ ಆ ಮಾಂಸ ಎಂದೂ ಬಿಡುತ್ತಿರಲಿಲ್ಲ, ಇನ್ನೂ ಬಿಗಿಯುತ್ತಿತ್ತು. ಈ ಅಲ್ಪ ಶಾಖ ಏನೂ ಮಾಡದ ಹಾಗೆ ಮಾಡುತ್ತಿತ್ತು. ಮನೆಯ ವಾಸನೆ ಬದಲಾಗುತ್ತ ಬಂತು. ಮೊದಲು ಈರುಳ್ಳಿ, ಕಾಫಿ. ಆಮೇಲೆ ಕೊಬ್ಬು. ಹೊತ್ತು ಇಳಿದ ಮೇಲೆ ನಾನು ಯಾವತ್ತೂ ಮೂಸದ ವಾಸನೆಯೊಂದು ಬಂತು. ಒಣಹುಲ್ಲಿನ ಮೆದೆಯೊಳಗೆ ಮುಖ ಹುದುಗಿಸಿದ ಹಾಗೆ, ಬಿಸಿಲಿಗೆ ಕಾದ ಬಯಲಿನ ಗಿಡಗಳನ್ನು ಕೈಯಲ್ಲಿ ತಿಕ್ಕಿದ ಹಾಗೆ. ಹೊರಗೆ ಹಿಮ, ಒಳಗೆ ಜೂನ್ ತಿಂಗಳು. ಆ ಹಸು ಮೇದ ಬೇಸಿಗೆಗಳೆಲ್ಲ ಒಂದೊಂದಾಗಿ ಮಡಕೆಯಿಂದ ಎದ್ದು ಬಂದು ಅಡುಗೆಮನೆಯಲ್ಲಿ ನಿಂತ ಹಾಗಿತ್ತು.

ಬೆಳಕು ಇಳಿಯುವ ಹೊತ್ತಿಗೆ ಮುಚ್ಚಳ ಎತ್ತಿದೆ. ಫೋರ್ಕನ್ನು ಮಾಂಸದ ಮೇಲೆ ಇಟ್ಟೆ ಅಷ್ಟೇ, ಒತ್ತಲಿಲ್ಲ. ಅದು ತನ್ನ ಭಾರಕ್ಕೇ ಒಳಗಿಳಿಯಿತು. ಮಧ್ಯಾಹ್ನ ಮುಷ್ಟಿಯಾಗಿದ್ದದ್ದು ಈಗ ಅಂಗೈಯಾಗಿ ಬಿಚ್ಚಿಕೊಂಡಿತ್ತು. ಭುಜದ ಅಗಲ ಎಲುಬನ್ನು ಎರಡು ಬೆರಳಿನಿಂದ ಹಿಡಿದು ಎಳೆದೆ. ಸ್ವಚ್ಛವಾಗಿ, ಬೆಳ್ಳಗೆ, ಒಂದು ಎಳೆ ಮಾಂಸವೂ ಅಂಟದೆ ಈಚೆ ಬಂತು. ಹಲ್ಲಿಗೆ ಸಿಗದ ನರ, ಚಾಕುವಿಗೆ ಬಗ್ಗದ ಪೊರೆ, ಎಷ್ಟೋ ಚಳಿಗಾಲಗಳ ಬಿಗುವು, ಎಲ್ಲ ಕರಗಿ ತುಟಿಗೆ ಅಂಟುವ ರಸವಾಗಿತ್ತು. ನಾನು ಚಿಕ್ಕಂದಿನಿಂದ ಈ ಅಡುಗೆ ಮಾಡಿದ್ದೇನೆ. ಎಳೆ ಹೋರಿಯ ಮಾಂಸ ಮೆತ್ತಗಾದರೆ ಅದರಲ್ಲಿ ಹೆಚ್ಚೇನಿಲ್ಲ. ಇದು ಮೆತ್ತಗಾದದ್ದನ್ನು ನೋಡಿ ಇಗರ್ಜಿಯಲ್ಲಿ ಎದ್ದು ನಿಲ್ಲುವ ಹಾಗೆ ಎದ್ದು ನಿಂತಿದ್ದೆ, ಯಾವಾಗ ಎದ್ದೆನೋ ತಿಳಿಯದು.

ಡೆಲ್ ಒಳಗೆ ಬಂದ. ಮುಖವೆಲ್ಲ ಮಸಿ. ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ. ನೇರ ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ.

“ಹೂಳಿದೆಯಾ?”

“ಹೂಳಿದೆ. ಅಪ್ಪನ ಕುದುರೆ ಪಕ್ಕದಲ್ಲಿ.”

“ಯಾವ ಕಡೆ ಮುಖ?”

“ವಾಯವ್ಯಕ್ಕೆ. ಗಾಳಿ ಬರೋ ಕಡೆಗೆ.”

ಸಿಟ್ಟಿಲ್ಲದ ಮಾತು ಹುಡುಕಿದೆ, ಒಂದೂ ಸಿಗಲಿಲ್ಲ.

“ತಟ್ಟೆ ಹಾಕಲಾ?” ಎಂದೆ.

ಅವನು ಮಡಕೆಯ ಮುಂದೆ ಬಂದು ನಿಂತು ಇಣುಕಿದ. ಆವಿ ಅವನ ಮುಖಕ್ಕೆ ಹೊಡೆಯಿತು. ಅವನು ಕಣ್ಣು ಮುಚ್ಚಿಕೊಂಡ. ಕಣ್ಣು ತೆರೆದು ತನ್ನ ಕುರ್ಚಿ ಎಳೆದುಕೊಂಡು ಕೂತ.

ನಾನು ಬಡಿಸಿದೆ. ಸೌಟಿಗೇ ಎಳೆ ಎಳೆಯಾಗಿ ಬಿಡಿಸಿಕೊಳ್ಳುತ್ತಿತ್ತು. ಆಲೂಗಡ್ಡೆ, ಗಜ್ಜರಿ, ಮೇಲೆ ರಸ. ಅವನು ತಲೆ ತಗ್ಗಿಸಿ ಪ್ರಾರ್ಥನೆ ಮಾಡಿದ. ಯಾವಾಗಲೂ ಎರಡು ಮಾತಿಗೆ ಮುಗಿಸುವವನು ಅಂದು ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ ಒಂದು ತುತ್ತು ಬಾಯಿಗಿಟ್ಟ.

ಅಗಿಯಲಿಲ್ಲ. ಅಗಿಯಬೇಕಾಗಿರಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು ಹಾಗೇ ಕೂತ. ಅವನ ಮುಖದಲ್ಲಿ ನಾನು ಕಂಡದ್ದನ್ನು ಹೇಗೆ ಹೇಳಲಿ? ಬಿರುಗಾಳಿಯ ದಿನ ಬಾಲ ಬಿಟ್ಟು ನನ್ನ ತೋಳಿಗೆ ಬಿದ್ದಾಗ ಅದೇ ಮುಖವಿತ್ತು.

ನಾನೂ ಉಂಡೆ. ಬಾಯಿ ತುಂಬ ಅಷ್ಟು ದೊಡ್ಡದೊಂದು ಸಂಗತಿಯಿರುವಾಗ ಮಾತಿಗೆ ಜಾಗವಿರಲಿಲ್ಲ. ಅವನು ಇನ್ನೊಂದು ಸಲ ತಾನೇ ಬಡಿಸಿಕೊಂಡ. ಕೊನೆಗೆ ರೊಟ್ಟಿಯ ಚೂರಿನಿಂದ ತಟ್ಟೆಯನ್ನು ಕನ್ನಡಿಯ ಹಾಗೆ ಒರೆಸಿ ಬಾಯಿಗೆ ಹಾಕಿಕೊಂಡ. ‘ಗೆದ್ದೆ’ ಎಂದುಕೊಂಡೆ. ದೇವರಾಣೆಗೂ ಹಾಗೆಯೇ ಅಂದುಕೊಂಡೆ. ನಾಳೆ ಬೇಲಿ ನೋಡಲು ಯಾವ ಕಡೆ ಹೋಗುವುದೆಂದು ಕೇಳುವುದರಲ್ಲಿದ್ದೆ.

“ಅಕ್ಕ.”

“ಹೂಂ.”

“ಇಂಥದ್ದು ನಾನು ತಿಂದಿರಲಿಲ್ಲ. ಅಮ್ಮ ಕೂಡ ಮಾಡಿರಲಿಲ್ಲ.”

“ಅದು ನಾನಲ್ಲ. ಅದರ ಮಾಂಸವೇ ಹಾಗಿತ್ತು.”

“ಗೊತ್ತು.” ಫೋರ್ಕನ್ನು ತಟ್ಟೆಯ ಮೇಲೆ ನೆಟ್ಟಗೆ ಇಟ್ಟ. “ಗಟ್ಟಿ ಇದ್ದಿದ್ರೆ ಇದ್ದುಬಿಡ್ತಿದ್ನೇನೋ. ಒಂದು ತುತ್ತು ಉಗುಳಿ, ನಿನ್ನ ಬೈದು, ಮಲಗ್ತಿದ್ದೆ. ರುಚಿಯಾಯ್ತಲ್ಲ. ಇನ್ನೊಂದು ಸಲ ಬಡಿಸ್ಕೊಂಡ್ನಲ್ಲ ನಾನು. ನನಗಾಗಿ ತಿರುಗಿ ಬಂದು ನಿಂತಿದ್ದನ್ನ.”

“ಅದರಲ್ಲಿ ತಪ್ಪೇನೋ? ಇನ್ನೇನು ಮಾಡಬೇಕಿತ್ತು ನಾವು ಅದಕ್ಕೆ? ಬಾಯಲ್ಲಿ ಹೇಳು!”

“ತಪ್ಪು ಅನ್ನಲಿಲ್ಲ. ನೀನು ಮಾಡಿದ್ದು ಸರಿಯೇ ಇರಬಹುದು. ಆದ್ರೆ ಈ ಮೇಜಿನ ಮುಂದೆ ಇನ್ನೊಂದು ಊಟಕ್ಕೆ ಕೂರಕ್ಕೆ ನನ್ನ ಕೈಲಾಗಲ್ಲ.”

“ಕೂರಬೇಡ! ಕೊಟ್ಟಿಗೇಲಿ ತಿನ್ನು! ಅಟ್ಟದ ಮೇಲೆ ತಿನ್ನು! ಯಾರು ಮೇಜು ಅಂದ್ರು?”

ಅವನು ನಕ್ಕ. ನನ್ನ ತಮ್ಮ ನಗುವುದೇ ಅಪರೂಪ. ಎದ್ದು ತನ್ನ ತಟ್ಟೆಯನ್ನು ತಾನೇ ತೊಳೆದು ಒರೆಸಿಟ್ಟ. ಕೋಟು ಹಾಕಿಕೊಂಡ. ನನ್ನ ತಲೆಯ ಮೇಲೆ ಒಂದು ಕ್ಷಣ ಕೈಯಿಟ್ಟ. ಆ ಕೈಯಲ್ಲಿ ಹೊಗೆಯ ವಾಸನೆಯೂ ಇತ್ತು, ಮಾಂಸದ ವಾಸನೆಯೂ ಇತ್ತು.

“ಕರು ಹಾಕೋ ಕಾಲಕ್ಕೆ ಓಟಿಸ್‌ನ ಮೊಮ್ಮಗಳು ಬರ್ತಾಳೆ. ಕೇಳಿದೀನಿ. ಗಟ್ಟಿ ಹುಡುಗಿ.”

“ಡೆಲ್, ಕೂತ್ಕೋ.”

“ಚಳಿ ಒಳಗೆ ಬರ್ತದೆ,” ಎಂದು ಬಾಗಿಲನ್ನು ತಾನೇ ಎಳೆದು ಹಾಕಿಕೊಂಡು ಹೋದ.

ಹೊರಗೆ ನಮ್ಮ ಪಿಕಪ್ ಚಾಲೂ ಆಗಲು ಒಂದಿಷ್ಟು ಒದ್ದಾಡಿತು. ಆಗಲಾದರೂ ಎದ್ದು ಓಡಬಹುದಾಗಿತ್ತು. ನಾನು ಏಳಲಿಲ್ಲ. ಅವನು ಒಂದು ಸುತ್ತು ಹಾಕಿ, ಗೇಟಿನ ಹತ್ತಿರ ನಿಂತು, ಮರಳುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಎಂಜಿನ್ನಿನ ಸದ್ದು ಗೇಟು ದಾಟಿತು, ಗುಡ್ಡದ ಬುಡ ಸುತ್ತಿತು, ಆಮೇಲೆ ಗಾಳಿಯ ಸದ್ದು ಮಾತ್ರ ಉಳಿಯಿತು. ಮಡಕೆಯ ಮುಚ್ಚಳ ಮುಚ್ಚಿ, ಅವನ ಪಾಲು ಬೆಚ್ಚಗಿರಲಿ ಎಂದು ಗುಂಡಿಯನ್ನು ಕಡಿಮೆ ಶಾಖಕ್ಕೇ ಬಿಟ್ಟು ಕೂತೆ.

ಅವನು ಬರಲಿಲ್ಲ.